ಒಂದೇ ನೂಲು, ಹಲವು ಕುಣಿಕೆ: ಹೆಣಿಗೆ ಕಲಿಸಿದ ಕೈಗಳ ಚರಿತ್ರೆ

ಒಂದು ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಬರೆಯಲು ಕುಳಿತವರ ಕೈಗೆ ಮೊದಲು ದೊರೆಯುವುವು ಅಸ್ತಿವಾರದ ಶಿಲೆ, ಜ್ಞಾನಸ್ನಾನದ ದಾಖಲೆ ಪುಸ್ತಕ ಮತ್ತು ಸೇವೆ ಸಲ್ಲಿಸಿದ ಗುರುವರ್ಯರ ನಾಮಾವಳಿ. ಇವೆಲ್ಲವೂ ಅವಶ್ಯವೇ. ಆದರೆ ಬಲಿಪೀಠದ ಮೇಲೆ ಹಾಸಿದ ಬಿಳಿಯ ವಸ್ತ್ರದ ಅಂಚಿಗೆ ಜಾಲರಿಯನ್ನು ಹೆಣೆದವರಾರು, ಹುಟ್ಟಿದ ಕೂಸಿಗೆ ಜ್ಞಾನಸ್ನಾನದ ದಿನ ತೊಡಿಸಿದ ಉಣ್ಣೆಯ ಕುಲಾವಿಯನ್ನು ಸಿದ್ಧಪಡಿಸಿದವರಾರು, ಆ ಕೆಲಸವನ್ನು ಅವರಿಗೆ ಕಲಿಸಿದವರಾರು ಎಂಬ ಪ್ರಶ್ನೆಗಳಿಗೆ ಯಾವ ದಾಖಲೆ ಪುಸ್ತಕದಲ್ಲಿಯೂ ಉತ್ತರ ದೊರೆಯುವುದಿಲ್ಲ. ಬಟ್ಟೆ ಹರಿದು ಹೋಗುತ್ತದೆ; ಕಲಿಸಿದ ಕೈಯ ಹೆಸರು ಮರೆತುಹೋಗುತ್ತದೆ. ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಅಂತಹ ಹೆಸರಿಲ್ಲದ ಕೈಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನೆನೆಯುವುದು ಈ ಲೇಖನದ ಉದ್ದೇಶ.

ಮರಿಯಮ್ಮನವರ ಕೈಯ ಕಡ್ಡಿಗಳು

ನೇಯ್ಗೆ ಮತ್ತು ಹೆಣಿಗೆ ಒಂದೇ ಅಲ್ಲ. ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು, ಮಗ್ಗ ಬೇಕು, ಮಗ್ಗವನ್ನು ಹೂಡಲು ಮನೆಯಲ್ಲಿ ಸ್ಥಳವೂ ಬೇಕು. ಹೆಣಿಗೆಗೆ ಬೇಕಾದುದು ಒಂದು ಜೊತೆ ಕಡ್ಡಿ ಮತ್ತು ಒಂದೇ ಎಳೆ ನೂಲು. ಒಂದು ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯನ್ನು ಎಳೆದು, ಅದರೊಳಗಿಂದ ಇನ್ನೊಂದನ್ನು ಎಳೆದು, ಸೀದಾ ಮತ್ತು ಉಲ್ಟಾ ಎಂಬ ಎರಡೇ ಬಗೆಯ ಹಾಕುವಿಕೆಯಿಂದ ಇಡೀ ಉಡುಪನ್ನು ಕಟ್ಟುವುದು ಈ ವಿದ್ಯೆಯ ಸಾರ. ಹೀಗೆ ಹೆಣೆದ ಅತಿ ಪ್ರಾಚೀನ ವಸ್ತ್ರಗಳು ಈಜಿಪ್ಟ್ ದೇಶದಲ್ಲಿ ದೊರೆತಿವೆ. ಅವು ನೀಲಿ ಮತ್ತು ಬಿಳಿ ಹತ್ತಿನೂಲಿನ ಕಾಲುಚೀಲಗಳು. ಅಲ್ಲಿಂದ ಈ ವಿದ್ಯೆ ಮಧ್ಯಯುಗದ ಯೂರೋಪಿಗೆ ಹಬ್ಬಿತು.

ಅದು ಕ್ರೈಸ್ತ ಕುಟುಂಬಗಳಲ್ಲಿ ಎಷ್ಟು ಬೇಗನೆ ಮನೆಮಾತಾಯಿತೆಂಬುದಕ್ಕೆ ಚಿತ್ರಕಲೆಯೇ ಸಾಕ್ಷಿ. ಇಟಲಿಯ ಸಿಯೆನಾ ನಗರದ ಅಂಬ್ರೋಜಿಯೊ ಲೊರೆನ್ಸೆಟ್ಟಿ ಎಂಬ ಚಿತ್ರಕಾರನು 1345ರ ಸುಮಾರಿನಲ್ಲಿ ಪವಿತ್ರ ಕುಟುಂಬವನ್ನು ಚಿತ್ರಿಸುವಾಗ ಮಾತೆ ಮರಿಯಮ್ಮನವರ ಕೈಗೆ ಹೆಣಿಗೆಯ ಕಡ್ಡಿಗಳನ್ನಿತ್ತನು. 1400ರ ಸುಮಾರಿಗೆ ಜರ್ಮನಿಯ ಬುಕ್ಸ್ಟೆಹೂಡೆ ಎಂಬ ಊರಿನ ಪೀಠಕ್ಕಾಗಿ ಮಾಸ್ಟರ್ ಬರ್ಟ್ರಾಮ್ ಎಂಬವನ ಕಾರ್ಯಶಾಲೆಯಲ್ಲಿ ರಚಿತವಾದ ಚಿತ್ರದಲ್ಲಿ ಮರಿಯಮ್ಮನವರು ನಾಲ್ಕು ಕಡ್ಡಿಗಳಿಂದ ಹೊಲಿಗೆಯಿಲ್ಲದ ಒಂದು ಅಂಗಿಯನ್ನು ಸುತ್ತುಸುತ್ತಾಗಿ ಹೆಣೆಯುತ್ತಿದ್ದಾರೆ. ಬಾಲಯೇಸು ಪಕ್ಕದಲ್ಲಿ ಒರಗಿದ್ದಾರೆ. ಯಾತನೆಯ ಚಿಹ್ನೆಗಳನ್ನು ಹಿಡಿದ ದೇವದೂತರು ಸಮೀಪಿಸುತ್ತಿದ್ದಾರೆ. ಯೊವಾನ್ನನ ಶುಭಸಂದೇಶದಲ್ಲಿ ಶಿಲುಬೆಯ ಬುಡದಲ್ಲಿದ್ದ ಸೈನಿಕರು ಹರಿಯಲು ಮನಸ್ಸಾಗದೆ ಚೀಟಿ ಹಾಕಿ ಹಂಚಿಕೊಂಡ ಆ ಅಖಂಡ ಅಂಗಿಯನ್ನು ಚಿತ್ರಕಾರನು ಇಲ್ಲಿ ಸೂಚಿಸಿದ್ದಾನೆ. ತಾಯಿ ಪ್ರೀತಿಯಿಂದ ಹೆಣೆದುದು ಮಗನ ಮರಣದ ದಿನದವರೆಗೂ ಬಿಚ್ಚಿಹೋಗಲಿಲ್ಲ ಎಂಬ ಭಾವ ಆ ಚಿತ್ರದಲ್ಲಿದೆ.

ಆದರೆ ಹದಿನಾರನೆಯ ಶತಮಾನದ ಯೂರೋಪಿನ ನಗರಗಳಲ್ಲಿ ಹೆಣಿಗೆಯು ಪುರುಷರ ಸಂಘಗಳ ಕಸುಬಾಗಿ, ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿದವರಿಗೆ ಮಾತ್ರ ಅದರಲ್ಲಿ ಸ್ಥಾನವಿತ್ತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದನು. ಯಂತ್ರಗಳು ಹೆಚ್ಚಿದಂತೆ ಹಣದ ಕಸುಬು ಅವುಗಳ ಪಾಲಾಯಿತು. ಕೈಯ ಹೆಣಿಗೆ ಹೆಚ್ಚಾಗಿ ಮನೆಯ ಹೆಂಗಸರ ಪಾಲಿಗೆ ಉಳಿಯಿತು. ಮುಂದಿನ ಕಥೆ ಅವರದು.

ಕ್ಷಾಮದಲ್ಲಿ ತೆರೆದ ಪಾಠಶಾಲೆ

1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಘೋರ ಕ್ಷಾಮವುಂಟಾಯಿತು. ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ರೋಗದಿಂದಲೂ ಮಡಿದರು. ಅಷ್ಟೇ ಜನ ದೇಶ ಬಿಟ್ಟು ಹೊರಟರು. ಆ ಕಾಲದಲ್ಲಿ ಕಾರ್ಕ್ ಪಟ್ಟಣದ ಉರ್ಸುಲಿನ್ ಕನ್ಯಾಸ್ತ್ರೀಯರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಕಡ್ಡಿಯ ಕೆಲಸವನ್ನು ಕಲಿಸಿದರು. ಯೋಲ್ ಎಂಬ ಊರಿನ ಪ್ರೆಸೆಂಟೇಶನ್ ಮಠದಲ್ಲಿ ಮದರ್ ಮೇರಿ ಆನ್ ಸ್ಮಿತ್ ಎಂಬ ಕನ್ಯಾಸ್ತ್ರೀಯು ಇಟಲಿಯ ಒಂದು ಹಳೆಯ ಜಾಲರಿ ಲೇಸನ್ನು ಎದುರಿಗಿಟ್ಟುಕೊಂಡು, ಅದರ ಎಳೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಅದನ್ನು ಹೇಗೆ ಕಟ್ಟಿದ್ದರೆಂದು ತಾನು ಕಲಿತು, ತರುವಾಯ ಹುಡುಗಿಯರಿಗೆ ಕಲಿಸಿದರು. ಕಲಿಸಿಕೊಡುವ ಗುರುವಿಲ್ಲದಾಗ ಹಳೆಯ ಕೆಲಸವನ್ನೇ ಗುರುವೆಂದು ಭಾವಿಸಿದ ಈ ದೀನತೆ ಸ್ಮರಣೀಯವಾದುದು. ಆ ಹುಡುಗಿಯರ ಬೆರಳುಗಳು ಗಳಿಸಿದ ಕಾಸಿನಿಂದ ಅನೇಕ ಮನೆಗಳ ಒಲೆ ಉರಿಯಿತು.

ಈ ಐರಿಷ್ ಕಥೆಗೂ ನಮಗೂ ದೂರದ ನಂಟು ಇಲ್ಲದಿಲ್ಲ. ನ್ಯಾನೊ ನೇಗಲ್ 1775ರಲ್ಲಿ ಸ್ಥಾಪಿಸಿದ ಇದೇ ಪ್ರೆಸೆಂಟೇಶನ್ ಸಭೆಯ ಕನ್ಯಾಸ್ತ್ರೀಯರು 1842ರಲ್ಲಿ ಮದರಾಸಿಗೆ ಬಂದಿಳಿದರು. ಬಳ್ಳಾರಿಯ ಮಿಷನ್ 1928ರಲ್ಲಿ ಪ್ರತ್ಯೇಕಗೊಳ್ಳುವವರೆಗೆ ಮದರಾಸಿನ ಅಧೀನದಲ್ಲಿಯೇ ಇದ್ದು, 1949ರಲ್ಲಿ ಧರ್ಮಕ್ಷೇತ್ರದ ಪದವಿಯನ್ನು ಪಡೆಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಕಥೋಲಿಕರು ಇಂದು ಆ ಧರ್ಮಕ್ಷೇತ್ರದ ಮಕ್ಕಳು.

ದಕ್ಷಿಣ ಭಾರತಕ್ಕೆ ಬಂದ ಬಗೆ

ದಕ್ಷಿಣ ಭಾರತದಲ್ಲಿ ಈ ವಿದ್ಯೆಯನ್ನು ಮೊದಲು ವ್ಯವಸ್ಥಿತವಾಗಿ ಕಲಿಸಿದವರಲ್ಲಿ ನಮ್ಮ ಪ್ರೊಟೆಸ್ಟಂಟ್ ಸಹೋದರಿಯರೂ ಇದ್ದರೆಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು. 1819ರಲ್ಲಿ ನಾಗರಕೋಯಿಲಿಗೆ ಬಂದ ಮಾರ್ಥಾ ಮಾಲ್ಟ್ ಎಂಬ ಮಹಿಳೆ ತಿರುವಾಂಕೂರಿನ ಹುಡುಗಿಯರಿಗೆ ಲೇಸು ಕಟ್ಟುವುದನ್ನು ಕಲಿಸಿದರು. ಆಗ ಆ ರಾಜ್ಯದಲ್ಲಿ ಜೀತದಾಸ್ಯವಿನ್ನೂ ಇತ್ತು. ಕಲಿತ ಹುಡುಗಿಯರಲ್ಲಿ ಕೆಲವರು ಲೇಸಿನ ಗಳಿಕೆಯನ್ನು ಕೂಡಿಟ್ಟು ತಮ್ಮ ಬಿಡುಗಡೆಯನ್ನೇ ಕೊಂಡುಕೊಂಡರು. ಸೂಜಿಯ ಮೊನೆಯಿಂದ ಸಂಕೋಲೆ ಕಡಿದ ಇಂತಹ ಉದಾಹರಣೆ ಚರಿತ್ರೆಯಲ್ಲಿ ಅಪರೂಪ. 1897ರಲ್ಲಿ ಬೆಲ್ಜಿಯಂ ದೇಶದಿಂದ ಮದರ್ ಮರಿ ಲೂಯಿಸ್ ದ ಮೀಸ್ಟರ್ ಅವರು ಕನ್ಯಾಕುಮಾರಿಯ ಬಳಿಯ ಮುಳಗುಮೂಡಿಗೆ ಬಂದು ಅನಾಥ ಮಕ್ಕಳ ಆರೈಕೆಗೆ ನಿಂತರು. ಲೇಸಿಗೆ ಹೆಸರಾದ ನಾಡಿನಿಂದ ಬಂದ ಆ ಕನ್ಯಾಸ್ತ್ರೀಯರ ಕೈಯಲ್ಲಿ ಮುಳಗುಮೂಡು ಲೇಸಿನ ಕೇಂದ್ರವಾಯಿತು.

ಕನ್ನಡ ನಾಡಿನ ವಿಚಾರಕ್ಕೆ ಬಂದರೆ, ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು 1854ರಲ್ಲಿ ಬೆಂಗಳೂರಿಗೂ, ಅಪೊಸ್ತೊಲಿಕ್ ಕಾರ್ಮೆಲ್ ಸಭೆಯವರು 1870ರಲ್ಲಿ ಮಂಗಳೂರಿಗೂ ಬಂದರು. ಮಂಗಳೂರಿನ ಮಣ್ಣಿನಲ್ಲಿಯೇ 1887ರಲ್ಲಿ ಉರ್ಸುಲಿನ್ ಫ್ರಾನ್ಸಿಸ್ಕನ್ ಸಭೆಯೂ, 1921ರಲ್ಲಿ ಬೆಥನಿ ಸಭೆಯೂ ಹುಟ್ಟಿದವು. ಆ ಕಾಲದ ಕನ್ಯಾಶಾಲೆಗಳಲ್ಲಿ ಓದು, ಬರಹ, ಲೆಕ್ಕಗಳ ಜೊತೆಗೆ ಸೂಜಿಕೆಲಸವೂ ಒಂದು ಪಾಠವಾಗಿತ್ತು. ಮಗಳನ್ನು ಶಾಲೆಗೆ ಕಳುಹಿಸಲು ಹಿಂಜರಿಯುತ್ತಿದ್ದ ತಂದೆತಾಯಿಗಳಿಗೆ, ಹೊಲಿಗೆ ಮತ್ತು ಹೆಣಿಗೆಯನ್ನಾದರೂ ಕಲಿತು ಬರಲಿ ಎಂಬುದೊಂದು ಸಮಾಧಾನ. ಆ ಸಮಾಧಾನದ ಬಾಗಿಲಿನಿಂದ ಒಳಗೆ ಹೋದ ಹುಡುಗಿ ಅಕ್ಷರವನ್ನೂ ಕಲಿತು ಹೊರಗೆ ಬಂದಳು.

ನಮ್ಮ ನಾಲ್ಕು ತಾಲ್ಲೂಕುಗಳ ಕೈಗುಣ

ಹೊರಗಿನಿಂದ ಬಂದ ವಿದ್ಯೆಗೆ ನಮ್ಮ ಸೀಮೆಯ ಕೈಗಳು ಅಪರಿಚಿತವಾಗಿರಲಿಲ್ಲ. ಈ ನಾಲ್ಕು ತಾಲ್ಲೂಕುಗಳು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಸಂಸ್ಥಾನದಲ್ಲಿದ್ದುವು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಿಗೆ ಸೇರಿದ್ದುವು. 1956ರಲ್ಲಿ ರಾಯಚೂರು ಜಿಲ್ಲೆಯೊಂದಿಗೆ ಕನ್ನಡ ರಾಜ್ಯವನ್ನು ಸೇರಿ, 1997ರಲ್ಲಿ ಕೊಪ್ಪಳ ಜಿಲ್ಲೆಯಾದುವು. ಈಗ ಕುಕನೂರು, ಕಾರಟಗಿ, ಕನಕಗಿರಿಗಳೂ ಸೇರಿ ತಾಲ್ಲೂಕುಗಳು ಏಳಾಗಿವೆ. ಆಳಿದವರು ಬದಲಾದರೂ ಹೆಂಗಸರ ಕೈಕೆಲಸ ಬದಲಾಗಲಿಲ್ಲ.

ಕುಷ್ಟಗಿ, ಯಲಬುರ್ಗಾಗಳ ಎರೆನೆಲದಲ್ಲಿಯೂ ಮಸಬಿನಲ್ಲಿಯೂ ಕುರಿ ಮೇಯಿಸುವ ಹಾಲುಮತದವರು ದಖನಿ ಕುರಿಯ ಕಪ್ಪು ಉಣ್ಣೆಯನ್ನು ಕತ್ತರಿಸಿ, ಅವರ ಹೆಣ್ಣುಮಕ್ಕಳು ಅದನ್ನು ನೂತು, ಕಂಬಳಿ ನೇಯುತ್ತ ಬಂದಿದ್ದಾರೆ. ಕುಷ್ಟಗಿಯ ನೆರೆಯ ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೂಡಿಸುವುದು ಕೊಂಡಿಗಳಿಂದ. ಒಂದರ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆಯನ್ನು ಸಿಕ್ಕಿಸಿ ಇಡೀ ಸೀರೆಯನ್ನು ಒಂದಾಗಿಸುವ ಈ ಚಾತುರ್ಯ ಹೆಣಿಗೆಗೆ ಸೋದರಸಂಬಂಧಿಯಾದುದು. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕನ್ನಡಿ ಕಸೂತಿಯನ್ನು ಹೊಗಳದವರಿಲ್ಲ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಪಾತ್ರವಾಯಿತು.

ಇವೆಲ್ಲಕ್ಕಿಂತಲೂ ನಮ್ಮ ಮನೆಗಳಿಗೆ ಹತ್ತಿರವಾದುದು ಕೌದಿ. ಹಳೆಯ ಸೀರೆ, ಧೋತರ, ಕುಪ್ಪಸಗಳನ್ನು ಪದರಪದರವಾಗಿ ಹಾಸಿ, ಸುತ್ತಲೂ ನಾಲ್ಕಾರು ಹೆಂಗಸರು ಕುಳಿತು ಹೊಲಿಯುವ ಕೌದಿಯಲ್ಲಿ ಒಂದು ಮನೆತನದ ಮೂರು ತಲೆಮಾರಿನ ಬಟ್ಟೆಗಳು ಒಟ್ಟುಗೂಡುತ್ತವೆ. ಅವ್ವನ ಸೀರೆಯ ತುಂಡಿನ ಪಕ್ಕದಲ್ಲಿ ಮೊಮ್ಮಗನ ಅಂಗಿಯ ತುಂಡು ಸೇರುತ್ತದೆ. ಕೌದಿಯನ್ನು ಒಬ್ಬಳೇ ಹೊಲಿಯುವುದು ಕಷ್ಟ, ಬೇಸರವೂ ಹೌದು. ಕೂಡಿ ಹೊಲಿದರೆ ಹೊತ್ತು ಹೋದುದೇ ತಿಳಿಯುವುದಿಲ್ಲ. ಹೊಸಬರು ಕೆಲಸ ಕಲಿಯುತ್ತಿದ್ದುದೂ ಆ ಬಳಗದಲ್ಲಿ ಕುಳಿತೇ.

ಇಂತಹದೇ ವಿದ್ಯೆ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಮಹಿಳೆಯರಲ್ಲಿದೆ. ಆಫ್ರಿಕಾ ಮೂಲದ ಈ ಸಮುದಾಯದಲ್ಲಿ ಕಥೋಲಿಕರೂ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ. ಅವರ ಕವಂದಿಯ ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತುತ್ತ ನಡುವಿಗೆ ಬಂದು ಸೇರುತ್ತದೆ. ಕಥೋಲಿಕ ಮನೆಯ ಕವಂದಿಯಲ್ಲಿ ಶಿಲುಬೆಯೂ, ಮುಸಲ್ಮಾನರ ಮನೆಯದರಲ್ಲಿ ಅರ್ಧಚಂದ್ರವೂ ಮೂಡುವುದುಂಟು. ಮೂಲೆಗಳಲ್ಲಿ ಹೂವಿನಂತಹ ಮಡಿಕೆಗಳಿಲ್ಲದಿದ್ದರೆ ಅದು ಪೂರ್ಣವಾಗದು. 2004ರಲ್ಲಿ ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಾಲ್ ಅವರ ನೆರವಿನಿಂದ ಈ ಮಹಿಳೆಯರು ತಮ್ಮದೇ ಒಂದು ಸಹಕಾರ ಸಂಘವನ್ನು ಕಟ್ಟಿಕೊಂಡರು. ಮೂರು ಮತಗಳ ಹೆಂಗಸರಿಗೆ ಹೊಲಿಗೆಯ ಭಾಷೆ ಒಂದೇ.

ಆನೆಗೊಂದಿಯ ಬಾಳೆನಾರು

ನಮ್ಮ ಗಂಗಾವತಿ ತಾಲ್ಲೂಕಿನಲ್ಲಿಯೇ ಇದಕ್ಕೆ ಹೊಸ ಕಾಲದ ಒಂದು ನಿದರ್ಶನವಿದೆ. ತುಂಗಭದ್ರೆಯ ದಂಡೆಯ ಆನೆಗೊಂದಿಯಲ್ಲಿ ಬಾಳೆಯ ತೋಟಗಳಿವೆ. ಬಾಳೆ ಒಮ್ಮೆ ಮಾತ್ರ ಗೊನೆ ಕೊಡುವ ಗಿಡ. ಗೊನೆ ಕಡಿದ ಮೇಲೆ ದಿಂಡನ್ನೂ ಕಡಿದು ಬಿಸುಡುತ್ತಾರೆ. 1997ರಲ್ಲಿ ಶಮಾ ಪವಾರ್ ಅವರು ಸ್ಥಾಪಿಸಿದ ಕಿಷ್ಕಿಂಧಾ ಟ್ರಸ್ಟ್, ಹೀಗೆ ಬಿಸುಟ ದಿಂಡಿನ ಪಟ್ಟೆಯಿಂದ ವಸ್ತುಗಳನ್ನು ಮಾಡುವ ಕೈಕೆಲಸವನ್ನು ಊರಿನ ಮಹಿಳೆಯರಿಗೆ ಕಲಿಸಲು ತೊಡಗಿತು. ಪಟ್ಟೆಯನ್ನು ಒಣಗಿಸಿ, ನೀರು ಚಿಮುಕಿಸಿ ಮೆತ್ತಗೆ ಮಾಡಿ, ಸೀಳಿ, ಹೊಸೆದು ಹುರಿ ಮಾಡಿ, ಆ ಹುರಿಯನ್ನು ಹೆಣೆದು ಚೀಲ, ಚಾಪೆ, ಬುಟ್ಟಿಗಳನ್ನು ಸಿದ್ಧಪಡಿಸುತ್ತಾರೆ. ಹೊಲದ ಕೂಲಿಯನ್ನೇ ನೆಚ್ಚಿದ್ದ ಮನೆಗಳ ಹೆಣ್ಣುಮಕ್ಕಳು ಇದನ್ನು ಕಲಿತರು. ಮೊದಲು ಕಲಿತವರು ಮುಂದೆ ಬಂದವರಿಗೆ ಕಲಿಸುವವರಾದರು. ಉಣ್ಣೆಯ ಸ್ಥಾನದಲ್ಲಿ ಬಾಳೆಯ ನಾರು ಬಂದಿದೆ. ಕುಣಿಕೆಯೊಳಗೆ ಕುಣಿಕೆಯನ್ನು ಎಳೆಯುವ ವಿದ್ಯೆ ಅದೇ. ಬಿಸಿಲ ನಾಡಿನಲ್ಲಿ ಸ್ವೆಟರ್ ಯಾರಿಗೆ ಬೇಕು ಎಂದು ನಗುವವರಿಗೆ ಆನೆಗೊಂದಿ ತಕ್ಕ ಉತ್ತರ ಕೊಟ್ಟಿದೆ.

ಕಲಿಸುವವಳ ಸಂತೋಷ

ಇಷ್ಟು ದೇಶಗಳಲ್ಲಿ, ಇಷ್ಟು ಕಾಲಗಳಲ್ಲಿ ಈ ವಿದ್ಯೆಯನ್ನು ಕಲಿಸಿದವರು ಅದರಲ್ಲಿ ಕಂಡ ಸಂತೋಷವಾದರೂ ಯಾವುದು? ಅದು ಹೆಣಿಗೆಯ ಸ್ವಭಾವದಲ್ಲಿಯೇ ಅಡಗಿದೆ. ಪುಸ್ತಕವನ್ನು ನೋಡಿ ಹೆಣಿಗೆಯನ್ನು ಕಲಿಯುವುದು ದುಸ್ತರ. ಕಲಿಸುವವಳು ಕಲಿಯುವವಳ ಮಗ್ಗುಲಲ್ಲಿ ಕೂಡಬೇಕು. ಬೆರಳ ಮೇಲೆ ಬೆರಳಿಟ್ಟು ನೂಲಿನ ಬಿಗಿಯನ್ನು ತಿಳಿಸಬೇಕು. ಎಡಗೈಯವಳಾದರೆ ಎದುರಿಗೆ ಕುಳಿತು ಕನ್ನಡಿಯಂತೆ ತೋರಿಸಬೇಕು. ಎತ್ತರದ ಪೀಠದಿಂದ ಬೋಧಿಸುವ ವಿದ್ಯೆ ಇದಲ್ಲ. ಜಾತಿ, ಸಿರಿತನಗಳು ಊರನ್ನು ಓಣಿಓಣಿಯಾಗಿ ಹಂಚಿರುವ ನಮ್ಮ ನಾಡಿನಲ್ಲಿ, ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಕಲಿಯಬೇಕಾದ ವಿದ್ಯೆಯೊಂದು ಇದೆಯೆಂಬುದೇ ದೊಡ್ಡ ಮಾತು.

ಎರಡನೆಯದಾಗಿ, ಕೈ ಕೆಲಸದಲ್ಲಿದ್ದಾಗ ಬಾಯಿ ಬಿಡುವಾಗಿರುತ್ತದೆ. ಮುಖಕ್ಕೆ ಮುಖ ಕೊಟ್ಟು ಹೇಳಲಾಗದ ಸಂಕಟವನ್ನು ಕಡ್ಡಿಯ ಮೇಲೆ ಕಣ್ಣಿಟ್ಟುಕೊಂಡು ಹೇಳಬಹುದು. ಗಂಡನ ಕುಡಿತ, ಮಗನ ಸಾಲ, ಗುಳೆ ಹೋದವರ ಚಿಂತೆ, ಇವನ್ನು ಕೇಳಿದ ಅಕ್ಕಂದಿರು ಬುದ್ಧಿ ಹೇಳದೆ ಇನ್ನೊಂದು ಸಾಲು ಹೆಣೆದರೂ, ಹೇಳಿದವಳ ಎದೆ ಹಗುರಾಗುತ್ತದೆ. ಮೂರನೆಯದಾಗಿ, ಹೆಣಿಗೆಯಲ್ಲಿ ತಪ್ಪಿಗೆ ಪರಿಹಾರವಿದೆ. ಒಂದು ಕುಣಿಕೆ ಜಾರಿದರೆ ಏಣಿಯಂತೆ ಕೆಳಕೆಳಕ್ಕೆ ಬಿಚ್ಚುತ್ತದೆ. ಆದರೆ ಕ್ರೋಶಾ ಕಡ್ಡಿಯಿಂದ ಅದನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ತರಬಹುದು. ಪೂರ್ತಿ ಕೆಟ್ಟರೂ ಬಿಚ್ಚಿದ ನೂಲು ಹಾಳಾಗುವುದಿಲ್ಲ, ಮತ್ತೆ ಹೆಣೆಯಬಹುದು. ಕತ್ತರಿಸಿದ ಬಟ್ಟೆಗೆ ಈ ಭಾಗ್ಯವಿಲ್ಲ. ಪಾಪನಿವೇದನೆಯ ಸಂಸ್ಕಾರವನ್ನು ಬಲ್ಲ ನಮಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ತಬಿಥಾ ಎಂಬ ಭಕ್ತೆಯ ಪ್ರಸಂಗವಿದೆ. ಯೊಪ್ಪ ಪಟ್ಟಣದಲ್ಲಿ ಆಕೆ ಮರಣ ಹೊಂದಿದಾಗ, ಪೇತ್ರನನ್ನು ಸುತ್ತುವರಿದ ವಿಧವೆಯರು ಆಕೆಯ ಗುಣಗಾನಕ್ಕೆ ಮಾತನ್ನು ನೆಚ್ಚಲಿಲ್ಲ. ಆಕೆ ಮಾಡಿಕೊಟ್ಟಿದ್ದ ಅಂಗಿಗಳನ್ನು ಎತ್ತಿ ತೋರಿಸುತ್ತ ಅತ್ತರು. ಆದಿಸಭೆಯಲ್ಲಿ ಒಬ್ಬ ಹೆಣ್ಣುಮಗಳ ಚರಿತ್ರೆಗೆ ದಾಖಲೆಯಾಗಿ ನಿಂತದ್ದು ಬಟ್ಟೆ.

ಕೂಲಿಯ ಪ್ರಶ್ನೆ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚರಿತ್ರೆಯ ಅರ್ಧವನ್ನು ಮರೆಮಾಚಿದಂತಾಗುವುದು. ಆಂಧ್ರದ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ಕಾಲಕ್ರಮೇಣ ಪರದೇಶಗಳಿಗೆ ರಫ್ತಾಗುವ ದೊಡ್ಡ ವ್ಯಾಪಾರವಾಯಿತು. ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ ಆ ಕೆಲಸಗಾರ್ತಿಯರನ್ನು ಕುರಿತು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಹಿಯಾದ ಸತ್ಯವೊಂದನ್ನು ಹೊರಗೆಡಹಿದರು. ಲಕ್ಷದಷ್ಟು ಹೆಂಗಸರು ಮನೆಯ ಮೂಲೆಯಲ್ಲಿ ದಿನವಿಡೀ ಕಣ್ಣು ಬಾಡಿಸಿ ಹೆಣೆದರೂ, ಅವರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ. ಬಿಡುವಿನ ವೇಳೆಯಲ್ಲಿ ಏನೋ ಹೆಣೆಯುವ ಗೃಹಿಣಿಯರೆಂದು ಕರೆದು ಅತ್ಯಲ್ಪ ಕೂಲಿಯನ್ನು ಕೊಟ್ಟರು. ಲಾಭ ಮಧ್ಯವರ್ತಿಗಳ ಪಾಲಾಯಿತು. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಗುರುತು ದೊರೆತಿದೆ; ಆ ಗೌರವ ಹೆಣೆದ ಕೈಗಳ ಕೂಲಿಗೂ ತಲುಪಬೇಕು.

ಹದಿಮೂರನೆಯ ಲಿಯೋ ಜಗದ್ಗುರುಗಳು 1891ರಲ್ಲಿ ಹೊರಡಿಸಿದ ರೇರುಮ್ ನೊವಾರುಮ್ ಎಂಬ ವಿಶ್ವಪತ್ರದಲ್ಲಿ, ದುಡಿಯುವವನ ಕೂಲಿ ಅವನ ಜೀವನಕ್ಕೆ ಸಾಲದಿದ್ದರೆ, ಅವನು ಒಪ್ಪಿಕೊಂಡಿದ್ದರೂ ಅದು ನ್ಯಾಯವಲ್ಲವೆಂದು ಸಾರಿದರು. ದುಡಿಯುವವನು ಎಂಬಲ್ಲಿ ದುಡಿಯುವವಳು ಎಂದು ಓದಿಕೊಳ್ಳುವುದು ನಮ್ಮ ಕರ್ತವ್ಯ. ಕಲಿಸುವುದು ಪುಣ್ಯಕಾರ್ಯವೆಂದು ಕಲಿಸಿ, ಕಲಿತವಳ ಶ್ರಮವನ್ನು ಅಗ್ಗವಾಗಿ ಕೊಂಡರೆ ಆ ಪುಣ್ಯ ನಿಲ್ಲುವುದಿಲ್ಲ. ಹೆಣೆಯುವವರೇ ಬೆಲೆಯನ್ನೂ ನಿರ್ಣಯಿಸುವ ಸಹಕಾರ ವ್ಯವಸ್ಥೆ ಇದ್ದೆಡೆಯಲ್ಲಿ ಸಂತೋಷವೂ ಉಳಿಯುತ್ತದೆ, ನ್ಯಾಯವೂ ಉಳಿಯುತ್ತದೆ.

ಮುಂದಿನ ನೂರು ವರ್ಷಗಳಿಗೆ

ಇಂದು ಸಂತೆಯಲ್ಲಿ ಯಂತ್ರದ ಸ್ವೆಟರ್ ಅಗ್ಗಕ್ಕೆ ದೊರೆಯುತ್ತದೆ. ಕೂಸಿನ ಕುಲಾವಿಯನ್ನೂ ಅಂಗಡಿಯಿಂದ ತರುತ್ತೇವೆ. ಕಡ್ಡಿ ಹಿಡಿಯಬಲ್ಲ ಹಿರಿಯ ತಾಯಂದಿರು ಒಬ್ಬೊಬ್ಬರಾಗಿ ಪ್ರಭುವಿನ ಪಾದ ಸೇರುತ್ತಿದ್ದಾರೆ; ಅವರ ಬೆರಳಿನಲ್ಲಿದ್ದ ವಿನ್ಯಾಸಗಳನ್ನು ಯಾರೂ ಬರೆದಿಟ್ಟಿಲ್ಲ. ಯೋಲಿನ ಕನ್ಯಾಸ್ತ್ರೀಗೆ ಬಿಚ್ಚಿ ನೋಡಲು ಒಂದು ಹಳೆಯ ಲೇಸಾದರೂ ಇತ್ತು. ನಮ್ಮ ಮೊಮ್ಮಕ್ಕಳಿಗೆ ಅದೂ ಇಲ್ಲದಂತಾಗಬಾರದು.

ಆದುದರಿಂದ ಶತಮಾನೋತ್ಸವದ ಈ ವರ್ಷದಲ್ಲಿ ಎರಡು ಸಣ್ಣ ಕೆಲಸಗಳನ್ನು ಸಭಿಕರ ಮುಂದಿಡಲು ಮನಸ್ಸಾಗುತ್ತದೆ. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಪೀಠವಸ್ತ್ರ, ಲೇಸು, ಕೌದಿ, ಕುಲಾವಿಗಳನ್ನು ಹೊರತೆಗೆದು, ಹೆಣೆದವರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡುವುದು ಮೊದಲನೆಯದು. ಭಾನುವಾರದ ಬಲಿಪೂಜೆಯ ಬಳಿಕ ಒಂದು ತಾಸು, ಬಲ್ಲ ತಾಯಂದಿರ ಸುತ್ತ ಹುಡುಗಿಯರೂ, ಮನಸ್ಸಿದ್ದರೆ ಹುಡುಗರೂ, ಮತಭೇದವಿಲ್ಲದೆ ನೆರೆಹೊರೆಯವರೂ ಕುಳಿತು ಕಲಿಯುವುದು ಎರಡನೆಯದು. ಇದಕ್ಕೆ ಕಟ್ಟಡ ಬೇಡ, ಚಂದಾ ಬೇಡ. ಬೇವಿನ ಮರದ ನೆರಳೊಂದು ಸಾಕು.

ಜಾರಿದ ಕುಣಿಕೆಯನ್ನು ಹಿಡಿದು ಮೇಲಕ್ಕೆ ತರುವ ತಾಳ್ಮೆಯನ್ನು ಮಾತೆ ಮರಿಯಮ್ಮನವರು ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಕುಟುಂಬಕ್ಕೂ ದಯಪಾಲಿಸಲಿ.